ಹನ್ನೊಂದು ಜನ, ಎರಡು ಕಡೆಯ ಹಿರಿಯರು, ಒಂದೇ ಟೇಬಲ್: ಮೈಸೂರಿನಲ್ಲಿ ಊಟಕ್ಕೆ ಎಲ್ಲಿಗೆ ಹೋಗೋಣ?

ಕುವೆಂಪುನಗರದ ಸೊಸೆ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ ಹೇಳಿ.

ಬರುವ ಭಾನುವಾರ ನಮ್ಮ ಅತ್ತೆಗೆ 70 ತುಂಬುತ್ತದೆ. ಮನೆಯಲ್ಲೇ ಅಡುಗೆ ಅಂದರೆ ಅವರು ಒಂದು ನಿಮಿಷ ಕೂರುವುದಿಲ್ಲ, ಬೆಳಗ್ಗೆ ಐದಕ್ಕೇ ಎದ್ದು ಕಾಯಿ ತುರಿಯಲು ಶುರು ಮಾಡುತ್ತಾರೆ. ಅದಕ್ಕೇ ಹೊರಗೆ ಊಟ ಅಂತ ನಾನೂ ನಮ್ಮ ಯಜಮಾನರೂ ಮಾತಾಡಿಕೊಂಡಿದ್ದೇವೆ. ಒಟ್ಟು ಹನ್ನೊಂದು ಜನ. ಅತ್ತೆ, ಮಾವ, ನಾವಿಬ್ಬರು, ನಮ್ಮ ಇಬ್ಬರು ಮಕ್ಕಳು, ಮಂಡ್ಯದಿಂದ ನನ್ನ ಅಪ್ಪ ಅಮ್ಮ, ತಮ್ಮ, ತಮ್ಮನ ಹೆಂಡತಿ, ಜೊತೆಗೆ ನಮ್ಮವರ ಕಾಲೇಜು ಸ್ನೇಹಿತರೊಬ್ಬರು. ಅವರು ಮನೆಯವರ ಹಾಗೇ.

ತೊಡಕು ಏನೆಂದರೆ, ಗಂಡನ ಮನೆ ಪೂರ್ತಿ ಸಸ್ಯಾಹಾರ. ನನ್ನ ತವರಿನಲ್ಲಿ ಬಾಡೂಟ ಇಲ್ಲದೆ ಸಂಭ್ರಮ ಇಲ್ಲ. ಹತ್ತು ವರ್ಷದಿಂದ ಎರಡು ಕಡೆಯವರೂ ಒಬ್ಬರಿಗೊಬ್ಬರು ತುಂಬಾ ಮರ್ಯಾದೆ ಕೊಟ್ಟುಕೊಂಡು ಬಂದಿದ್ದಾರೆ. ಆದರೆ ಒಟ್ಟಿಗೆ ಕೂತು ಹೊಟ್ಟೆ ತುಂಬಾ ಉಂಡಿದ್ದು ಮದುವೆ ದಿನ ಮಾತ್ರ ಅನಿಸುತ್ತದೆ.

ಕಳೆದ ವರ್ಷ ಇದೇ ಹನ್ನೊಂದು ಜನ ಒಂದು ಹೋಟೆಲ್‌ಗೆ ಹೋಗಿದ್ದೆವು. ಹೆಸರು ಬೇಡ. ವೆಜ್ಜೂ ಸಿಗುತ್ತದೆ, ನಾನ್‌ವೆಜ್ಜೂ ಸಿಗುತ್ತದೆ, ಎಲ್ಲರಿಗೂ ಆಗುತ್ತದೆ ಅಂತ ನಾನೇ ಆರಿಸಿದ್ದೆ. ಟೇಬಲ್ ಎರಡನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತಿ ಹೋದ ಮೇಲೆ ಐವತ್ತು ನಿಮಿಷ ಕಾದೆವು. ಹಾಡಿನ ಸದ್ದು ಎಷ್ಟಿತ್ತೆಂದರೆ ಮಾವ ಕಿವಿಯ ಮಷಿನ್ ತೆಗೆದು ಜೇಬಿಗೆ ಹಾಕಿಕೊಂಡರು, ಆಮೇಲೆ ಅವರ ಜೊತೆ ಯಾರೂ ಮಾತಾಡಲು ಆಗಲಿಲ್ಲ. ಅಪ್ಪ ಖುಷಿಯಲ್ಲಿ ಮಟನ್ ಫ್ರೈ ಹೇಳಿದರು. ಅತ್ತೆ ಎರಡು ಚಮಚ ಜೀರಾ ರೈಸ್ ತಿಂದು ತಟ್ಟೆ ಪಕ್ಕಕ್ಕೆ ಇಟ್ಟರು. ಅದನ್ನು ನೋಡಿ ಅಪ್ಪನೂ ತಟ್ಟೆ ದೂಡಿದರು. ಮನೆಗೆ ಬಂದಾಗ ನಾಲ್ಕು ಗಂಟೆ. ಅತ್ತೆ ಅಡುಗೆಮನೆಯಲ್ಲಿ ನಿಂತುಕೊಂಡೇ ಮೊಸರನ್ನ ಕಲೆಸಿ ತಿಂದರು. ಅದು ಇವತ್ತಿಗೂ ನನ್ನ ಕಣ್ಣಿಂದ ಹೋಗಿಲ್ಲ. ಆ ಕಡೆ ಮಂಡ್ಯಕ್ಕೆ ಹೋದ ಮೇಲೆ ಅಪ್ಪ "ನಾನು ಮಟನ್ ಹೇಳಬಾರದಿತ್ತು, ನನ್ನಿಂದ ಆಯಮ್ಮ ಊಟ ಬಿಟ್ಟರು" ಅಂತ ಅಮ್ಮನ ಹತ್ತಿರ ಬೇಜಾರು ಮಾಡಿಕೊಂಡರಂತೆ.

ಈ ಸಲ ಹಾಗೆ ಆಗಬಾರದು. ನಮ್ಮವರು ಎರಡು ಟೇಬಲ್ ಮಾಡೋಣ ಅನ್ನುತ್ತಾರೆ, ಒಂದು ವೆಜ್, ಒಂದು ನಾನ್‌ವೆಜ್. ಹುಟ್ಟಿದ ಹಬ್ಬದ ದಿನ ಎರಡು ಪಂಕ್ತಿ ಮಾಡಲು ನನಗೆ ಸ್ವಲ್ಪವೂ ಮನಸ್ಸಿಲ್ಲ. ಎಲ್ಲಿಗೆ ಹೋಗೋಣ ಹೇಳಿ.

ಅಗ್ರಹಾರದವನು:
ಮಧ್ಯಾಹ್ನದ ಊಟದ ಯೋಚನೆಯನ್ನೇ ಬಿಡಿ. ಬೆಳಗ್ಗೆ ತಿಂಡಿಗೆ ಕರೆದುಕೊಂಡು ಹೋಗಿ. ನಜರ್‌ಬಾದ್‌ನ ಮೈಲಾರಿ ಹೋಟೆಲ್. 1938ರಿಂದ ಇದೆ. ಆ ದೋಸೆ ಹಲ್ಲಿಲ್ಲದವರೂ ತಿನ್ನುವಷ್ಟು ಮೆತ್ತಗೆ. ಒಳಗೆ ಸಾಗು, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ, ಅಷ್ಟೇ. ಮಂಡ್ಯದವರಿರಲಿ ಮೈಸೂರಿನವರಿರಲಿ, ಆ ದೋಸೆ ಮುಂದೆ ವೆಜ್ ನಾನ್‌ವೆಜ್ ಮಾತೇ ಬರುವುದಿಲ್ಲ. ನಮ್ಮ ತಂದೆ ಕೊನೆಯ ದಿನಗಳಲ್ಲಿ ಬಾಯಿಬಿಟ್ಟು ಕೇಳಿದ ತಿಂಡಿ ಅದೊಂದೇ. ಪಾರ್ಸೆಲ್ ತಂದುಕೊಟ್ಟಿದ್ದೆ, ಆದರೆ ಅದು ಕಾವಲಿಯಿಂದ ಇಳಿದ ತಕ್ಷಣ ತಿನ್ನಬೇಕಾದ್ದು.

ಒಂಟಿಕೊಪ್ಪಲು ಟೀಚರ್:
ಅಗ್ರಹಾರದವರೇ, ದೋಸೆ ವಿಷಯದಲ್ಲಿ ನಾನು ಎರಡು ಮಾತಾಡುವುದಿಲ್ಲ. ಆದರೆ ಹನ್ನೊಂದು ಜನ ಭಾನುವಾರ ಬೆಳಗ್ಗೆ ಅಲ್ಲಿ? ಜಾಗ ಚಿಕ್ಕದು. ಟೇಬಲ್ ಹಂಚಿಕೊಂಡು ಕೂರಬೇಕು, ತಿನ್ನುತ್ತಿರುವಾಗ ಪಕ್ಕದಲ್ಲೇ ಇನ್ನೊಬ್ಬರು ಕಾಯುತ್ತಾ ನಿಂತಿರುತ್ತಾರೆ. 70 ವರ್ಷದವರು ರಸ್ತೆಯಲ್ಲಿ ನಿಲ್ಲಬೇಕಾಗುತ್ತದೆ. ಮೃಗಾಲಯಕ್ಕೆ ಬರುವ ಪ್ರವಾಸಿಗರ ಗಾಡಿಗಳೂ ಅದೇ ಕಡೆ ತುಂಬಿರುತ್ತವೆ, ಪಾರ್ಕಿಂಗ್ ಕಷ್ಟ. ಅದು ಇಬ್ಬರು ಮೂವರು ವಾರದ ಮಧ್ಯೆ ಹೋಗಿ ತಿಂದು ಬರುವ ಜಾಗ. ಚಾಮುಂಡಿಪುರಂನ ಜಿಟಿಆರ್ ಹೋಟೆಲ್‌ಗೂ ಇದೇ ಮಾತು. ಮಸಾಲೆ ದೋಸೆ ನನಗೆ ಪ್ರಾಣ, ಆದರೆ ಭಾನುವಾರ ದೊಡ್ಡ ಗುಂಪು ಕರೆದುಕೊಂಡು ಹೋಗುವುದಿಲ್ಲ.

ಇನ್ನೊಂದು, ರಾತ್ರಿ ಊಟ ಅಂತ ಇಟ್ಟುಕೊಂಡರೆ ಗಾಂಧಿ ಚೌಕದ ಸುತ್ತ ಮಾತ್ರ ಬೇಡ. ಭಾನುವಾರ ಸಂಜೆ ಅರಮನೆ ದೀಪ ಹಾಕುತ್ತಾರೆ. ಆ ಹೊತ್ತಿಗೆ ಆ ಕಡೆ ಕಾರು ತೆಗೆದುಕೊಂಡು ಹೋದರೆ ಹಿರಿಯರು ಕಾರಿನಲ್ಲೇ ಸುಸ್ತಾಗುತ್ತಾರೆ.

ಮದ್ದೂರು ಹುಡುಗ:
ಅಕ್ಕಾ, ನೀವೂ ನಮ್ಮ ಜಿಲ್ಲೆಯವರೇ, ಅದಕ್ಕೆ ನೇರವಾಗಿ ಹೇಳುತ್ತೇನೆ. ಎಲ್ಲರನ್ನೂ ಮಂಡ್ಯ ಕಡೆಗೆ ಕರೆದುಕೊಂಡು ಬನ್ನಿ. ಮೈಸೂರಿನಿಂದ ಒಂದು ಗಂಟೆಯ ದಾರಿ. ಬನ್ನೂರು ಕುರಿ ಮಾಂಸ, ನಾಟಿ ಕೋಳಿ ಸಾರು, ಬೋಟಿ ಗೊಜ್ಜು, ಕಾಲು ಸೂಪು, ಬಿಸಿ ಮುದ್ದೆ. ನಿಮ್ಮಪ್ಪನಿಗೆ ಹೋದ ವರ್ಷದ ಬಾಕಿ ತೀರುತ್ತದೆ. ಅತ್ತೆಯವರಿಗೆ ಅದೇ ಮುದ್ದೆ ಜೊತೆ ಬಸ್ಸಾರು ಅಥವಾ ಉಪ್ಸಾರು ಖಾರ ಮಾಡಿಸಿ. ಸೊಪ್ಪಿನ ಬಸ್ಸಾರು ಚೆನ್ನಾಗಿ ಮಾಡುವ ಹೋಟೆಲ್ ನಮ್ಮ ಕಡೆ ಬೇಕಾದಷ್ಟಿವೆ, ಆದರೆ ಮೊದಲೇ ಹೇಳಬೇಕು.

ಬರುವಾಗ ಒಂದು ಕೇಳಿಕೊಳ್ಳುತ್ತೇನೆ, ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೇ ರಸ್ತೆಯಲ್ಲಿ ಬನ್ನಿ. 2023ರ ಮಾರ್ಚ್ 12ಕ್ಕೆ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್ ಆಯಿತು. ದಾರಿಯಲ್ಲಿ ಇಳಿದು ಕಾಫಿ ಕುಡಿಯುತ್ತಿದ್ದ ಬೆಂಗಳೂರಿನ ಕಾರುಗಳೆಲ್ಲ ಮೇಲಿಂದಲೇ ಹೋಗುತ್ತವೆ. ನಮ್ಮ ಚಿಕ್ಕಪ್ಪ ಹಳೇ ರಸ್ತೆಯಲ್ಲಿ ಹದಿನೆಂಟು ವರ್ಷ ಚಿಕ್ಕ ಹೋಟೆಲ್ ನಡೆಸಿದರು. ಬೆಳಗ್ಗೆ ಮೂರು ಸಲ ಇಡ್ಲಿ ಬೇಯಿಸುತ್ತಿದ್ದವರು ಒಂದು ಸಲಕ್ಕೆ ಬಂದರು, ಆಮೇಲೆ ಬಾಗಿಲು ಹಾಕಿದರು. ಮದ್ದೂರು ವಡೆ ಹುಟ್ಟಿದ್ದೇ ದಾರಿಹೋಕರಿಂದ. 1917ರಲ್ಲಿ ಮದ್ದೂರು ರೈಲ್ವೆ ಸ್ಟೇಷನ್‌ನಲ್ಲಿ ರಾಮಚಂದ್ರ ಬುಧ್ಯ ಅನ್ನುವವರು ರೈಲಿನವರಿಗೆ ಮಾಡಿ ಕೊಟ್ಟಿದ್ದು ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ದಾರಿಯಲ್ಲಿ ಜನ ನಿಲ್ಲದಿದ್ದರೆ ಅಂಥ ತಿಂಡಿ ಉಳಿಯುವುದು ಹೇಗೆ?

ಅಗ್ರಹಾರದವನು:
ಮದ್ದೂರು ಹುಡುಗ, ನಿಮ್ಮ ಚಿಕ್ಕಪ್ಪನ ವಿಷಯ ಓದಿ ಬೇಜಾರಾಯಿತು. ಆದರೆ ಹುಟ್ಟಿದ ಹಬ್ಬ ಯಾರದು? ಅತ್ತೆಯವರದು. ಅವರು ಮಾಂಸ ಬೇಯಿಸುವ ಕಡೆ ನೀರೂ ಮುಟ್ಟದವರಾಗಿರಬಹುದು. ನಮ್ಮ ಮನೆಯಲ್ಲೂ ಅಂಥವರಿದ್ದರು. ಆ ಒಂದು ದಿನ ಉಳಿದವರು ಸಸ್ಯಾಹಾರ ತಿಂದರೆ ಏನಾಗುತ್ತದೆ? ಶುದ್ಧ ಸಸ್ಯಾಹಾರಿ ಹೋಟೆಲ್ ಹಿಡಿಯಿರಿ, ಬಾಳೆಎಲೆ ಊಟ ಹಾಕಿಸಿ.

ಮದ್ದೂರು ಹುಡುಗ:
ಏನೂ ಆಗುವುದಿಲ್ಲ ಸರ್. ನಾವೂ ಸೋಮವಾರ, ಶನಿವಾರ ಬಿಡುತ್ತೇವೆ, ಶ್ರಾವಣ ಪೂರ್ತಿ ಬಿಡುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಯುಗಾದಿ ದಿನ ಹೋಳಿಗೆ ಉಂಡು ಮಾರನೇ ದಿನ ಹೊಸತೊಡಕಿನ ಬಾಡೂಟಕ್ಕೆ ಕಾಯುವ ಜನ ನಾವು. ಯಾವ ದಿನ ಏನು ಅಂತ ನಮಗೂ ಗೊತ್ತು. ನಾನು ಹೇಳುವುದು ಒಂದೇ. ಎರಡು ಮನೆ ಒಂದಾದಾಗ "ಒಂದು ದಿನ ಬಿಟ್ಟರೆ ಏನಾಗುತ್ತದೆ" ಅನ್ನುವ ಮಾತು ಯಾವಾಗಲೂ ನಮ್ಮ ಕಡೆಯವರಿಗೇ ಬರುತ್ತದೆ. ನನ್ನ ಅಕ್ಕನ ಮದುವೆಯಾದ ಮೇಲೆ ನಮ್ಮಪ್ಪ ಬೀಗರ ಮುಂದೆ ಆರು ವರ್ಷ ತನ್ನಿಷ್ಟದ್ದು ಕೇಳಿ ತಿಂದಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಅವರೇ ಕೇಳಲಿಲ್ಲ. ಸೊಸೆ ಅಕ್ಕನ ಅಪ್ಪ ತಟ್ಟೆ ದೂಡಿದರು ಅಂತ ಓದಿದಾಗ ನನಗೆ ನಮ್ಮಪ್ಪನೇ ಕಂಡರು.

ಒಂಟಿಕೊಪ್ಪಲು ಟೀಚರ್:
ಇಬ್ಬರ ಮಾತೂ ನನಗೆ ಅರ್ಥವಾಗುತ್ತದೆ. ಹೀಗೆ ಮಾಡಬಹುದಾ, ಮಧ್ಯಾಹ್ನ ಅತ್ತೆಯವರಿಗಾಗಿ ಸಸ್ಯಾಹಾರಿ ಊಟ. ಮಂಡ್ಯದವರು ರಾತ್ರಿ ಉಳಿದರೆ ಗಂಡಸರು ಮಕ್ಕಳು ಮಂಡಿ ಮೊಹಲ್ಲಾದ ಹನುಮಂತು ಹೋಟೆಲ್‌ಗೆ ಇನ್ನೊಂದು ದಿನ ಮಟನ್ ಪಲಾವ್ ತಿನ್ನಲು ಹೋಗಲಿ. ಗಾಂಧಿ ಚೌಕದ ಆರ್‌ಆರ್‌ಆರ್‌ನಲ್ಲಿ ಬಾಳೆಎಲೆ ಊಟವೂ ಇದೆ ಬಿರಿಯಾನಿಯೂ ಇದೆ, ನಮ್ಮ ಸ್ಟಾಫ್ ರೂಮಿನವರೆಲ್ಲ ಅಲ್ಲಿಗೆ ಹೋಗುತ್ತೇವೆ. ಆದರೆ ಊಟದ ಹೊತ್ತಿಗೆ ಜನ ಜಾಸ್ತಿ.

ಹಳೇ ಸಪ್ಲೈಯರ್:
ನಮಸ್ಕಾರ. ನಾನು ಈ ಊರಿನ ಮೂರು ಹೋಟೆಲ್‌ಗಳಲ್ಲಿ ಒಟ್ಟು ಮೂವತ್ತೊಂದು ವರ್ಷ ಸಪ್ಲೈ ಮಾಡಿದವನು. ಈಗ ಮನೆಯಲ್ಲಿದ್ದೇನೆ. ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ.

ತಾಯಿ, ನಿಮಗೆ ಒಂದು ಪ್ರಶ್ನೆ. ಹೋದ ವರ್ಷ ಆ ಹೋಟೆಲ್‌ನಲ್ಲಿ ನಿಮ್ಮ ಅತ್ತೆ ನೀರು ಕುಡಿದರಾ?

ಕುವೆಂಪುನಗರದ ಸೊಸೆ:
ಇದೇನು ಪ್ರಶ್ನೆ ಅನಿಸಿತು ಮೊದಲು. ಆಮೇಲೆ ನೆನಪು ಮಾಡಿಕೊಂಡೆ. ಇಲ್ಲ. ಲೋಟ ತುಂಬಿದ ಹಾಗೇ ಇತ್ತು. ನನ್ನ ಮಗಳು ಕೊನೆಗೆ ಅದನ್ನೇ ಕುಡಿದಳು. ಯಾಕೆ ಕೇಳಿದಿರಿ?

ಹಳೇ ಸಪ್ಲೈಯರ್:
ಹೇಳುತ್ತೇನೆ. ಹೋಟೆಲ್‌ಗೆ ಬರುವ ವಯಸ್ಸಾದ ಹೆಂಗಸರಲ್ಲಿ ಎಷ್ಟೋ ಜನ ನೀರು ಮುಟ್ಟುವುದಿಲ್ಲ. ಬಾಯಾರಿಕೆ ಇಲ್ಲ ಅಂತ ಅಲ್ಲ. ಶೌಚಾಲಯ ಎಲ್ಲಿದೆಯೋ, ಹೇಗಿದೆಯೋ, ಮೆಟ್ಟಿಲು ಇಳಿಯಬೇಕೋ, ಮಗನನ್ನು ಎಬ್ಬಿಸಿ ಕೇಳಬೇಕೋ ಅನ್ನುವ ಯೋಚನೆ. ನೀರು ಬೇಡ ಅಂದವರು ಸಾರು ಬೇಡ ಅನ್ನುತ್ತಾರೆ, ಮಜ್ಜಿಗೆ ಬೇಡ ಅನ್ನುತ್ತಾರೆ. ಒಣಗಿದ ಬಾಯಿಗೆ ಅನ್ನ ಇಳಿಯುವುದಿಲ್ಲ. ಮನೆಯವರು ರುಚಿ ಇಲ್ಲ ಅಂದುಕೊಳ್ಳುತ್ತಾರೆ, ಇಲ್ಲವಾದರೆ ಪಕ್ಕದವರು ಮಾಂಸ ತಿಂದದ್ದಕ್ಕೆ ಅಂದುಕೊಳ್ಳುತ್ತಾರೆ. ನನಗೆ ಇದು ತಿಳಿಯಲು ಹತ್ತು ವರ್ಷ ಬೇಕಾಯಿತು. ಆಮೇಲೆ ವಯಸ್ಸಾದ ಅಮ್ಮಂದಿರು ಬಂದರೆ ನೀರು ಇಡುವಾಗಲೇ ಮೆಲ್ಲಗೆ "ಅಮ್ಮಾ, ಬಾತ್‌ರೂಮ್ ಇಲ್ಲೇ ಕೈ ತೊಳೆಯುವ ಜಾಗದ ಪಕ್ಕ ಇದೆ" ಅನ್ನುತ್ತಿದ್ದೆ. ಅವರು ಆರಾಮಾಗಿ ಕೂರುವುದು ಕಣ್ಣಿಗೆ ಕಾಣುತ್ತಿತ್ತು.

ನಿಮ್ಮ ಅತ್ತೆ ವಿಷಯ ಇದೇ ಅಂತ ನಾನು ಹೇಳಲಾರೆ. ಅವರನ್ನೇ ಕೇಳಿ. ಎಲ್ಲರ ಮುಂದೆ ಬೇಡ, ಒಬ್ಬರೇ ಇದ್ದಾಗ ಕೇಳಿ.

ಲೆಕ್ಕದ ಪುಸ್ತಕ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಹೋದ ಸಲ ಅಷ್ಟೆಲ್ಲ ಕಾಯಿಸಿದವರು ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಹಾಕಿದ್ದರಾ? ನಾನು ಸಣ್ಣ ಅಂಗಡಿಗಳಿಗೆ ತೆರಿಗೆ ಲೆಕ್ಕ ಬರೆಯುವವನು, ಅದಕ್ಕೆ ಕುತೂಹಲ.

ಕುವೆಂಪುನಗರದ ಸೊಸೆ:
ಹಾಕಿದ್ದರು ಸರ್, ಶೇಕಡಾ 10. ನಮ್ಮವರ ಸ್ನೇಹಿತರು ಕೇಳಿದ್ದಕ್ಕೆ "ಎಲ್ಲರಿಗೂ ಹಾಕುತ್ತೇವೆ" ಅಂದರು. ಮಾತು ಜೋರಾಯಿತು. ಬಡಿಸಿದ ಹುಡುಗ ತಲೆ ತಗ್ಗಿಸಿ ನಿಂತಿದ್ದ. ಅತ್ತೆ "ಕೊಟ್ಟುಬಿಡಿ, ಹೋಗೋಣ" ಅಂದರು. ಕೊಟ್ಟು ಬಂದೆವು.

ಲೆಕ್ಕದ ಪುಸ್ತಕ:
ಕೊಡಬೇಕಾಗಿರಲಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಹೇಳಿದೆ, ಸರ್ವಿಸ್ ಚಾರ್ಜ್ ಅನ್ನು ಹೋಟೆಲಿನವರು ತಾವಾಗಿಯೇ ಬಿಲ್ಲಿಗೆ ಸೇರಿಸುವ ಹಾಗಿಲ್ಲ, ಬೇರೆ ಹೆಸರಿನಲ್ಲೂ ಹಾಕುವ ಹಾಗಿಲ್ಲ. ಹೋಟೆಲ್ ಸಂಘದವರು ದೆಹಲಿ ಹೈಕೋರ್ಟಿಗೆ ಹೋದರು. 2025ರ ಮಾರ್ಚ್ 28ರಂದು ಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಕೊಡುವುದು ಬಿಡುವುದು ಗಿರಾಕಿಯ ಇಷ್ಟ. ತೆಗೆಯಿರಿ ಅಂದರೂ ತೆಗೆಯದಿದ್ದರೆ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಜಿಎಸ್‌ಟಿ ಬೇರೆ. ಅದು ಸರ್ಕಾರದ್ದು. 2017ರ ನವೆಂಬರ್ 15ರಿಂದ ಸಾಮಾನ್ಯ ಹೋಟೆಲ್ ಊಟಕ್ಕೆ ಶೇಕಡಾ 5. ಬಿಲ್ಲಿನಲ್ಲಿ ಎರಡೂವರೆ, ಎರಡೂವರೆ ಅಂತ ಎರಡು ಸಾಲು ಇರುತ್ತದೆ. 4,000 ರೂಪಾಯಿ ಊಟಕ್ಕೆ 200. ಅದೇ ಬಿಲ್ಲಿಗೆ ಶೇಕಡಾ 10 ಸರ್ವಿಸ್ ಚಾರ್ಜ್ ಅಂದರೆ 400, ಆ 400ರ ಮೇಲೂ ತೆರಿಗೆ ಹಾಕುತ್ತಾರೆ. ಇನ್ನು ಕಾಂಪೋಸಿಷನ್ ಸ್ಕೀಮ್, ಅಂದರೆ ಚಿಕ್ಕ ವ್ಯಾಪಾರದವರು ಸರಳವಾಗಿ ತೆರಿಗೆ ಕಟ್ಟುವ ಯೋಜನೆಯಲ್ಲಿರುವ ಚಿಕ್ಕ ಹೋಟೆಲಿನವರು ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವ ಹಾಗೇ ಇಲ್ಲ, ತಮ್ಮ ಕೈಯಿಂದ ಕಟ್ಟಬೇಕು. ಹಾಗಂತ ಬಿಲ್ಲಿನ ಮೇಲೆ ಬರೆದಿರಬೇಕು. 2022ರ ಜನವರಿ 1ರಿಂದ ಬಿಲ್ಲಿನಲ್ಲಿ ಆಹಾರ ಸುರಕ್ಷತಾ ಲೈಸೆನ್ಸ್ ನಂಬರ್ ಇರಬೇಕು ಅನ್ನುವ ನಿಯಮವೂ ಇದೆ. ಅದನ್ನೂ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಆದರೆ ಹಿರಿಯರ ಮುಂದೆ ಜಗಳ ಬೇಡ. ಕೂರುವ ಮೊದಲೇ ಕೌಂಟರಿನಲ್ಲಿ "ನಿಮ್ಮಲ್ಲಿ ಸರ್ವಿಸ್ ಚಾರ್ಜ್ ಇದೆಯಾ" ಅಂತ ಕೇಳಿಬಿಡಿ.

ಹಳೇ ಸಪ್ಲೈಯರ್:
ಲೆಕ್ಕದವರು ಸರಿಯಾಗಿ ಹೇಳಿದರು. ನಾನು ಒಂದು ಸೇರಿಸುತ್ತೇನೆ. ಆ ದುಡ್ಡು ಬಡಿಸಿದವನ ಕೈಗೆ ಎಷ್ಟು ಬರುತ್ತದೆ ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ಊಟ ಚೆನ್ನಾಗಿ ಬಡಿಸಿದ ಅನಿಸಿದರೆ ಅವನ ಕೈಗೇ ಕೊಡಿ. ಕೊಡುವಾಗ ಮುಖ ನೋಡಿ ಕೊಡಿ. ಇಪ್ಪತ್ತು ರೂಪಾಯಿ ಆದರೂ ಆ ದಿನ ಪೂರ್ತಿ ನೆನಪಿರುತ್ತದೆ.

ಗೋಕುಲಂ ಅಮ್ಮ:
ಮಕ್ಕಳ ವಿಷಯ ಯಾರೂ ಎತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಮಕ್ಕಳಿಗೆ ವಯಸ್ಸು ಎಷ್ಟು? ನನ್ನ ಮಗ ಎಲ್ಲಿಗೆ ಹೋದರೂ ಗೋಬಿ ಮಂಚೂರಿ ಅಂತ ಹಟ ಮಾಡುತ್ತಾನೆ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧ ಮಾಡಿತು, ಜೂನ್‌ನಲ್ಲಿ ಕಬಾಬ್‌ಗೂ ಮಾಡಿತು. ಆದರೂ ಕೆಲವು ಕಡೆ ತಟ್ಟೆ ನೋಡಿದರೆ ಕುಂಕುಮದ ಹಾಗೆ ಕೆಂಪಗಿರುತ್ತದೆ. ನಾನು "ಬಣ್ಣ ಹಾಕುತ್ತೀರಾ" ಅಂತ ಕೇಳಿಯೇ ಹೇಳುವುದು. ಕೇಳಿದರೆ ಯಾರೂ ಬೇಜಾರು ಮಾಡಿಕೊಂಡಿಲ್ಲ, ಒಬ್ಬರಂತೂ ಒಳಗೆ ಕರೆದು ತೋರಿಸಿದರು.

ಮಕ್ಕಳಿಗೆ ಹಸಿವಾಗುವ ಮೊದಲು ಏನಾದರೂ ಬರಬೇಕು. ಇಲ್ಲವಾದರೆ ಮೊಬೈಲ್ ಕೊಡಬೇಕಾಗುತ್ತದೆ, ಆಮೇಲೆ ಅಜ್ಜಿ ತಾತ ಅವರ ಮುಖ ನೋಡಲು ಆಗುವುದಿಲ್ಲ.

ಕುವೆಂಪುನಗರದ ಸೊಸೆ:
ದೊಡ್ಡವಳಿಗೆ ಎಂಟು, ಚಿಕ್ಕವನಿಗೆ ಐದು. ನೀವು ಹೇಳಿದ್ದು ನೂರಕ್ಕೆ ನೂರು ನಿಜ.

ಹಳೇ ಸಪ್ಲೈಯರ್ ಅವರೇ, ನಿಮಗೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಇವತ್ತು ಮಧ್ಯಾಹ್ನ ಅತ್ತೆ ಒಬ್ಬರೇ ಹೂ ಕಟ್ಟುತ್ತಾ ಕೂತಿದ್ದರು. ನಾನೂ ಪಕ್ಕದಲ್ಲಿ ಕೂತು ಕೇಳಿದೆ. "ಅಮ್ಮಾ, ಹೋದ ವರ್ಷ ಹೋಟೆಲ್‌ನಲ್ಲಿ ಯಾಕೆ ಉಣ್ಣಲಿಲ್ಲ? ಅಪ್ಪ ಮಟನ್ ತರಿಸಿದ್ದು ನಿಮಗೆ ಕಷ್ಟ ಆಯಿತಾ?" ಅಂದೆ. ಅವರು ಹೂ ಕೆಳಗಿಟ್ಟು ನನ್ನ ಮುಖ ನೋಡಿದರು. "ಅಯ್ಯೋ, ಅವರು ತಿಂದರೆ ನನಗೇನಮ್ಮ? ಮಂಡಿ ನೋವು ಪ್ರಾಣ ಹೋಗುತ್ತಿತ್ತು. ಬಚ್ಚಲು ಕೆಳಗಿದೆ ಅಂತ ಆ ಹುಡುಗ ಹೇಳಿದ. ಮತ್ತೆ ಆ ಮೆಟ್ಟಿಲು ಇಳಿದು ಹತ್ತಬೇಕಲ್ಲ ಅಂತ ಹೆದರಿ ಏನೂ ಬೇಡ ಅಂದುಕೊಂಡೆ" ಅಂದರು.

ಒಂದು ವರ್ಷ! ಒಂದು ವರ್ಷ ಅಪ್ಪ ತನ್ನದೇ ತಪ್ಪು ಅಂದುಕೊಂಡಿದ್ದಾರೆ. ನಾನು ಅತ್ತೆಗೆ ವಾಸನೆ ಆಗಲಿಲ್ಲ ಅಂದುಕೊಂಡಿದ್ದೆ. ನಮ್ಮವರು ಜೀರಾ ರೈಸ್ ಚೆನ್ನಾಗಿರಲಿಲ್ಲ ಅಂದುಕೊಂಡಿದ್ದರು. ಅಪ್ಪನ ಬೇಜಾರಿನ ವಿಷಯ ಅತ್ತೆಗೆ ಹೇಳಿದೆ. ಅವರು ತಕ್ಷಣ "ಫೋನ್ ಹಚ್ಚು" ಅಂದರು. ಇಬ್ಬರೂ ಹತ್ತು ನಿಮಿಷ ಮಾತಾಡಿದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಅಗ್ರಹಾರದವನು:
ನಾನು ಮೇಲೆ ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಅಮ್ಮಾ. ಕೇಳದೆಯೇ ಅವರ ಪರವಾಗಿ ಮಾತಾಡಿದೆ. ಮದ್ದೂರಿನವರೇ, ಕ್ಷಮಿಸಿ.

ಮದ್ದೂರು ಹುಡುಗ:
ಕ್ಷಮೆ ಎಲ್ಲ ದೊಡ್ಡ ಮಾತು ಸರ್. ಈ ಕಡೆ ಬಂದಾಗ ಹೇಳಿ, ಬಿಸಿ ಬಿಸಿ ವಡೆ ಕೊಡಿಸುತ್ತೇನೆ. ಒಂದು ಮಾತು, ರಾತ್ರಿ ನಾನೂ ನಮ್ಮಪ್ಪನನ್ನು ಕೇಳಿದೆ, ಆ ಆರು ವರ್ಷದ ವಿಷಯ. ಅದನ್ನು ಇಲ್ಲಿ ಬರೆಯಲು ಆಗುವುದಿಲ್ಲ.

ಹಳೇ ಸಪ್ಲೈಯರ್:
ಒಳ್ಳೆಯದಾಯಿತು ತಾಯಿ. ಈಗ ಹೋಟೆಲ್ ಹುಡುಕುವುದು ಸುಲಭ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಫೋನಿನಲ್ಲಿ ಕೇಳಿದರೆ ಎಲ್ಲರೂ "ಎಲ್ಲಾ ಇದೆ ಬನ್ನಿ" ಅನ್ನುತ್ತಾರೆ. ನೀವೇ ಒಂದು ದಿನ ಮುಂಚೆ ಹೋಗಿ ಒಂದು ಕಾಫಿ ಕುಡಿದು ಬನ್ನಿ. ಕೆಳಗಿನ ಮಹಡಿಯಲ್ಲೇ ಟೇಬಲ್ ಇದೆಯಾ ನೋಡಿ. ಒಳಗೆ ಹೋಗುವಾಗ ಎಷ್ಟು ಮೆಟ್ಟಿಲು, ಹಿಡಿಕೆ ಇದೆಯಾ ನೋಡಿ. ಶೌಚಾಲಯಕ್ಕೆ ನೀವೇ ಒಂದು ಸಲ ಹೋಗಿ ಬನ್ನಿ. ಮಂಡಿ ನೋವಿನವರಿಗೆ ಕುರ್ಚಿ ಥರದ ಕಮೋಡ್ ಬೇಕು, ನೆಲ ಒದ್ದೆ ಇರಬಾರದು, ಲೈಟ್ ಇರಬೇಕು. ಆಮೇಲೆ ಕೂರುವ ಜಾಗ. ಈಗ ಎಲ್ಲ ಕಡೆ ಸೋಫಾ ಥರದ್ದು ಹಾಕುತ್ತಾರೆ, ನೋಡಲು ಚೆನ್ನ, ಆದರೆ ವಯಸ್ಸಾದವರು ಅದರಿಂದ ಏಳಲು ಒದ್ದಾಡುತ್ತಾರೆ. ಬೆನ್ನಿಗೆ ಆಸರೆ ಇರುವ ಮರದ ಕುರ್ಚಿ ಕೇಳಿ. ನಿಮ್ಮ ಮಾವನವರನ್ನು ಗೋಡೆಗೆ ಬೆನ್ನು ಮಾಡಿ, ಅಡುಗೆಮನೆ ಬಾಗಿಲಿನಿಂದ ದೂರ ಕೂರಿಸಿ. ಆ ಬಾಗಿಲಿನ ಪಾತ್ರೆ ಸದ್ದು ಕಿವಿ ಮಷಿನ್‌ನಲ್ಲಿ ದುಪ್ಪಟ್ಟು ಕೇಳುತ್ತದೆ ಅಂತ ಒಬ್ಬ ಗಿರಾಕಿ ನನಗೆ ಹೇಳಿದ್ದರು.

ಹೊತ್ತು ಬಹಳ ಮುಖ್ಯ. ಹನ್ನೆರಡೂ ಕಾಲಕ್ಕೆ ಕೂತುಬಿಡಿ. ಆಗ ಸಾರು, ಪಲ್ಯ ಎಲ್ಲ ಒಲೆಯಿಂದ ಇಳಿದದ್ದು. ಸಪ್ಲೈಯರ್‌ಗೂ ಸುಸ್ತಾಗಿರುವುದಿಲ್ಲ, ಎರಡನೇ ಸಲ ಕರೆಯದೆಯೇ ಬರುತ್ತಾನೆ. ಭಾನುವಾರ ಒಂದೂವರೆಯಿಂದ ಎರಡೂವರೆ ನಮಗೆ ಯುದ್ಧದ ಹೊತ್ತು. ಆಗ ಬಂದವರಿಗೆ ಎಷ್ಟು ಮನಸ್ಸಿದ್ದರೂ ಸರಿಯಾಗಿ ಬಡಿಸಲು ಆಗುವುದಿಲ್ಲ.

ದೊಡ್ಡ ಗುಂಪು ಬಂದಾಗ ಹನ್ನೊಂದು ಜನ ಹನ್ನೊಂದು ಥರ ಹೇಳಿದರೆ ಒಬ್ಬರ ತಟ್ಟೆ ಖಾಲಿ ಆಗುವಾಗ ಇನ್ನೊಬ್ಬರದು ಬರುತ್ತದೆ. ಮೊದಲು ಹಿರಿಯರದು ಮತ್ತು ಮಕ್ಕಳದು ಹೇಳಿ, ಒಟ್ಟಿಗೆ ತರಲು ಹೇಳಿ.

ಬಿಲ್ಲಿನ ವಿಷಯ. ಬೀಗರಿಬ್ಬರು ಬಂದರೆ ಬಿಲ್ಲಿಗೆ ಕಿತ್ತಾಟ ಆಗುತ್ತದೆ, ನಾನು ಎಷ್ಟು ನೋಡಿದ್ದೇನೆ. ಒಬ್ಬರು ನನ್ನ ಜೇಬಿಗೆ ದುಡ್ಡು ತುರುಕುವುದು, ಇನ್ನೊಬ್ಬರು ಕೈ ಹಿಡಿದು ಎಳೆಯುವುದು. ಕೂರುವ ಮೊದಲೇ ಕ್ಯಾಶಿನಲ್ಲಿ ಮುಂಗಡ ಕೊಟ್ಟಿರಿ. ಟೇಬಲ್‌ಗೆ ಬಿಲ್ ತರಬೇಡಿ ಅಂತ ಹೇಳಿರಿ.

ಒಂಟಿಕೊಪ್ಪಲು ಟೀಚರ್:
ಇದನ್ನು ಬರೆದಿಟ್ಟುಕೊಂಡೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದ ನನಗೆ ಇಷ್ಟು ಬಿಡಿಸಿ ಹೇಳಲು ಬರುವುದಿಲ್ಲ.

ಸಿಹಿ ಏನು ಮಾಡುತ್ತೀರಿ? ಕೇಕ್ ಬದಲು ದೇವರಾಜ ಮಾರುಕಟ್ಟೆ ಹತ್ತಿರದ ಗುರು ಸ್ವೀಟ್ ಮಾರ್ಟ್‌ನಿಂದ ಮೈಸೂರು ಪಾಕ್ ತನ್ನಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ಮನೆತನದವರದೇ ಅಂಗಡಿ. ಬಾಯಲ್ಲಿ ಇಟ್ಟರೆ ಕರಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಚಿಕ್ಕ ಚೂರು.

ಕುವೆಂಪುನಗರದ ಸೊಸೆ:
ಎಲ್ಲರಿಗೂ ಮತ್ತೆ ನಮಸ್ಕಾರ. ನಿನ್ನೆ ಊಟ ಆಯಿತು. ಬರೆಯದೆ ಇರಲು ಆಗಲಿಲ್ಲ.

ಗುರುವಾರ, ಶುಕ್ರವಾರ ನಾಲ್ಕು ಹೋಟೆಲ್ ನೋಡಿದೆ. ನಾಲ್ಕರಲ್ಲೂ ಕಾಫಿ ಕುಡಿದೆ. ಎರಡು ಕಡೆ ಶೌಚಾಲಯ ನೋಡಿ ವಾಪಸ್ ಬಂದೆ. ಒಂದು ಕಡೆ ಎಲ್ಲ ಚೆನ್ನಾಗಿತ್ತು, ಒಳಗೆ ಹೋಗಲು ಏಳು ಎತ್ತರದ ಮೆಟ್ಟಿಲು, ಹಿಡಿಕೆ ಇಲ್ಲ. ನಾಲ್ಕನೆಯದು ಸರಸ್ವತಿಪುರಂ ಕಡೆ, ಆರೇ ಟೇಬಲ್ ಇರುವ ಚಿಕ್ಕ ಸಸ್ಯಾಹಾರಿ ಊಟದ ಮನೆ. ಗಂಡ ಹೆಂಡತಿ ನಡೆಸುತ್ತಾರೆ. ಹೆಸರು ಬರೆಯಲಾ ಅಂತ ಅವರನ್ನೇ ಕೇಳಿದೆ. ಒಮ್ಮೆಗೇ ಜಾಸ್ತಿ ಜನ ಬಂದರೆ ನಮಗೆ ಮಾಡಲು ಆಗುವುದಿಲ್ಲ, ಬೇಡ ಅಂದರು. ಹಾಗಾಗಿ ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಸಸ್ಯಾಹಾರಿ ಹೋಟೆಲ್ ಆರಿಸಿದ್ದು ನಾನಲ್ಲ, ಅಪ್ಪ. ಫೋನಿನಲ್ಲಿ ಅತ್ತೆ "ನೀವು ನಿಮ್ಮಿಷ್ಟದ್ದೇ ತಿನ್ನಬೇಕು" ಅಂದರಂತೆ. ಅಪ್ಪ "ಅಕ್ಕಾ, ನಿಮ್ಮ ಹುಟ್ಟಿದ ಹಬ್ಬಕ್ಕೆ ನಿಮ್ಮ ಎಲೆ ಊಟ. ನನ್ನ ಹುಟ್ಟಿದ ಹಬ್ಬಕ್ಕೆ ಮಂಡ್ಯಕ್ಕೆ ಬನ್ನಿ, ನಿಮಗೆ ಬೇರೆ ಒಲೆ ಹೂಡಿಸಿ ಬಸ್ಸಾರು ಮಾಡಿಸುತ್ತೇನೆ" ಅಂದಿದ್ದಾರೆ. ಬಿಟ್ಟುಕೊಟ್ಟದ್ದು ಅನ್ನುವ ಭಾವನೆ ಅವರ ಮುಖದಲ್ಲಿ ನಿನ್ನೆ ಕಾಣಲಿಲ್ಲ. ಕೇಳಿ, ಮಾತಾಡಿ ಒಪ್ಪಿಕೊಂಡದ್ದಕ್ಕೂ ಸುಮ್ನೆ ಬಾಯಿ ಮುಚ್ಚಿಕೊಂಡದ್ದಕ್ಕೂ ಎಷ್ಟು ವ್ಯತ್ಯಾಸ!

ಹನ್ನೆರಡೂ ಹತ್ತಕ್ಕೆ ಕೂತೆವು. ಬಾಳೆಎಲೆ, ಕೋಸಂಬರಿ, ಹುರುಳಿಕಾಯಿ ಪಲ್ಯ, ಬಿಸಿಬೇಳೆಬಾತ್, ತಿಳಿಸಾರು, ಮಜ್ಜಿಗೆಹುಳಿ, ಬೇಳೆ ಹೋಳಿಗೆ. ಮಕ್ಕಳಿಗೆ ಮೊದಲೇ ಹಪ್ಪಳ ಕೊಟ್ಟರು, ಮೊಬೈಲ್ ಬೇಕಾಗಲಿಲ್ಲ. ಮಾವ ಮಷಿನ್ ಕಿವಿಯಲ್ಲೇ ಇಟ್ಟುಕೊಂಡು ನನ್ನ ತಮ್ಮನ ಜೊತೆ ಕಬ್ಬಿನ ರೇಟು ಮಾತಾಡಿದರು. ಸರ್ವಿಸ್ ಚಾರ್ಜ್ ಇಲ್ಲ. ಮುಂಗಡ ಕೊಟ್ಟಿದ್ದರಿಂದ ಬಿಲ್ ಟೇಬಲ್‌ಗೆ ಬರಲೇ ಇಲ್ಲ. ಅಪ್ಪ ಎರಡು ಸಲ ಕೌಂಟರಿಗೆ ಹೋಗಿ ಕೇಳಿ ಬಂದರು ಪಾಪ.

ಅತ್ತೆ ಕೂತ ತಕ್ಷಣ ನಾನು ಕಿವಿಯಲ್ಲಿ ಬಾತ್‌ರೂಮ್ ಎಲ್ಲಿದೆ ಅಂತ ಹೇಳಿದೆ. ಅವರು ಒಂದು ಸಲ ಹೋಗಿ ನೋಡಿಕೊಂಡು ಬಂದರು. ಆಮೇಲೆ ಒಂದು ಲೋಟ ನೀರು ಪೂರ್ತಿ ಕುಡಿದರು. ಸಾರು ಎರಡು ಸಲ ಹಾಕಿಸಿಕೊಂಡರು. ಹೋಳಿಗೆ ಬಡಿಸುವವರು ಮುಂದೆ ಹೋಗುತ್ತಿದ್ದಾಗ ಅವರೇ ಕರೆದು, "ಇನ್ನೊಂದು ಹಾಕಪ್ಪಾ, ತುಪ್ಪ ಸ್ವಲ್ಪ ಜಾಸ್ತಿ ಇರಲಿ" ಅಂದರು. ಪಕ್ಕದಲ್ಲಿ ಕೂತಿದ್ದ ಅಪ್ಪ, "ನನಗೂ ಹಾಗೇ" ಅಂದರು.

ಅಪ್ಪನ ಹುಟ್ಟಿದ ಹಬ್ಬ ಎರಡು ತಿಂಗಳಿಗೆ ಬರುತ್ತದೆ. ಮದ್ದೂರು ಹುಡುಗ, ನೀವು ಹೇಳಿದ ಬಸ್ಸಾರಿನ ಹೋಟೆಲ್‌ಗಳಲ್ಲಿ ಕೆಳಗಿನ ಮಹಡಿಯಲ್ಲಿ ಟೇಬಲ್, ಕಮೋಡ್ ಇರುವುದು ಯಾವುದು? ಒಂದು ಸಲ ನೋಡಿ ಹೇಳುತ್ತೀರಾ? ಹಳೇ ರಸ್ತೆಯಲ್ಲೇ ಬರುತ್ತೇವೆ.

ಮದ್ದೂರು ಹುಡುಗ:
ನಾಳೆಯೇ ಹೋಗಿ ನೋಡುತ್ತೇನೆ ಅಕ್ಕಾ. ಅಪ್ಪನನ್ನೂ ಕರೆದುಕೊಂಡು ಹೋಗುತ್ತೇನೆ.